ನೀಲಿ ವೈರಿನ ಬೂದಿ

ಬಲಗಡೆಯ ಇಂಡಿಕೇಟರ್ ಹಾಕಿದ ಕೂಡಲೇ ಮದುವೆ ಮಂಟಪ ಕುಣಿಯತೊಡಗಿತು.

ಭಾಗ್ಯನಗರದ ಓಣಿಯಲ್ಲಿ ಬೆಳಗಿನ ಹತ್ತು ಗಂಟೆ. ಕಪ್ಪು ಎಸ್‌ಯುವಿಯೊಂದು ಆಳು ನಡೆಯುವ ವೇಗದಲ್ಲಿ ಹೊರಟಿತ್ತು. ಅದರ ಬೆನ್ನಿಗೆ ಕೊಂಡಿ ಹಾಕಿದ್ದ, ಮಂಟಪ ಹೊತ್ತ ಟ್ರೇಲರ್ ಮಾತ್ರ ಇಂಡಿಕೇಟರಿನ ಟಿಕ್ ಸದ್ದಿಗೆ ತಡೆಯುತ್ತಿತ್ತು, ಟಕ್ ಸದ್ದಿಗೆ ನೆಗೆಯುತ್ತಿತ್ತು. ಟ್ರೇಲರಿನ ಮೇಲಿದ್ದ ವಧೂವರರ ಎರಡು ಕೆಂಪು ಸಿಂಹಾಸನಗಳು ಪ್ರತಿ ನೆಗೆತಕ್ಕೂ ಒಂದಕ್ಕೊಂದು ತಲೆಬಾಗಿ ನಮಸ್ಕರಿಸುತ್ತಿದ್ದವು. ಮದುವೆಗೆ ಮೊದಲೇ ಇಷ್ಟೊಂದು ವಿನಯವನ್ನು ಆ ಓಣಿ ಕಂಡಿರಲಿಲ್ಲ.

ಟ್ರೇಲರಿನ ಮಾಲೀಕ, ಗಂಗಾವತಿಯ ಶಾಮಿಯಾನದ ಅಯ್ಯಪ್ಪ, ಎದೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ಓಡುತ್ತಿದ್ದ. ನಿಲ್ಲಿಸು ಎಂದು ಅವನು ಕೈ ಬೀಸಿದ. ಸ್ಟಿಯರಿಂಗ್ ಹಿಡಿದಿದ್ದ ಗುಲ್ಶನ ಬ್ರೇಕ್ ಒತ್ತಿದಳು.

ಆಗ ಇನ್ನೂ ವಿಚಿತ್ರವಾಯಿತು. ಎಸ್‌ಯುವಿ ನಿಂತಿತು, ಟ್ರೇಲರ್ ನಿಲ್ಲಲಿಲ್ಲ. ಅದು ಎಸ್‌ಯುವಿಯನ್ನೇ ಒಂದು ಮೊಳ ಮುಂದಕ್ಕೆ ದೂಡಿತು. ಟ್ರೇಲರಿನ ಬಲಗಡೆಯ ದೀಪ ಮೆಲ್ಲಗೆ ಹೊತ್ತಿಕೊಂಡಿತು. ಪೆಡಲ್ ಜೋರಾಗಿ ಒತ್ತಿದಂತೆಲ್ಲ ಆ ದೀಪವೂ ಜೋರಾಯಿತು.

ನಿನ್ನೆ ಸಂಜೆ ಇದೇ ಟ್ರೇಲರ್ ಬೈಪಾಸಿನಲ್ಲಿ ಆರು ಸಲ ಓಡಿ, ಹೇಳಿದಲ್ಲಿ ನಿಂತು, ಹೇಳಿದ ದೀಪವನ್ನೇ ಹೊತ್ತಿಸಿತ್ತು.

ಗ್ಯಾರೇಜಿಗೆ ಹೊಸ ಬೋರ್ಡು ಏರುವುದನ್ನು ನೋಡಲು ಬಂದು, ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದವರು ಲಲಿತಾ. ಯಲಬುರ್ಗಾದ ಟಪಾಲು ಕಚೇರಿಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತರಾದವರು, ಜಿಲ್ಲೆಗೆಲ್ಲ ಟಪಾಲಕ್ಕೋರು. ಪಾರ್ಸಲ್ಲಿನ ಗಂಟು ನೋಡಿ ಕಟ್ಟಿದವರ ಊರು ಹೇಳುತ್ತಿದ್ದರು, ಲಕೋಟೆಯ ಅಂಟು ನೋಡಿ ಸಿಟ್ಟು ಹೇಳುತ್ತಿದ್ದರು. ನಿವೃತ್ತಿಯ ನಂತರ ಜನ ಅವರ ಹತ್ತಿರ ಪಾರ್ಸಲ್ಲಿನ ಬದಲು ತಂಟೆಗಳನ್ನು ತರತೊಡಗಿದ್ದರು. ಎರಡರಲ್ಲೂ ಗಂಟು ಬಿಚ್ಚುವುದೇ ಕೆಲಸವಾದ್ದರಿಂದ ಅವರಿಗೆ ಹೆಚ್ಚಿನ ವ್ಯತ್ಯಾಸ ಕಂಡಿರಲಿಲ್ಲ.

"ಇಂಡಿಕೇಟರ್ ಹಾಕಿದ್ರ ಬ್ರೇಕ್ ಹಿಡೀತೈತಿ, ಬ್ರೇಕ್ ಒತ್ತಿದ್ರ ಇಂಡಿಕೇಟರ್ ಹತ್ತತೈತಿ," ಎಂದರು ರಾಜಾಸಾಬ. "ಗಾಡಿಗೆ ಬುದ್ಧಿ ಐತ್ರಿ ಅಕ್ಕೋರ. ಅನುಕ್ರಮ ಅಷ್ಟ ತಪ್ಪೇತಿ."

ರಾಜಾಸಾಬ ಗುಲ್ಶನಳ ತಂದೆ. ನಲವತ್ತು ವರ್ಷ ಲಾರಿ ಟ್ರ್ಯಾಕ್ಟರುಗಳ ಕರೆಂಟಿನ ಕೆಲಸ ಮಾಡಿ, ಈಗ ಗ್ಯಾರೇಜಿನ ಬಾಗಿಲಲ್ಲಿ ಕುಳಿತು ವೈರು ಕತ್ತರಿಸುತ್ತಿದ್ದ ಹಳೆಯ ಪಕ್ಕಡದಿಂದ ಅಡಕೆ ಚೂರು ಮಾಡುವುದು ಅವರ ಉದ್ಯೋಗ. ಗುಲ್ಶನ ಹುಟ್ಟಿದ ವರ್ಷ ಲಾರಿಯೊಂದರ ಬ್ಯಾಟರಿಯ ಮೇಲೆ ಬಿದ್ದು ಕಿಡಿ ಹಾರಿ ಆ ಪಕ್ಕಡದ ಅಲಗಿನಲ್ಲಿ ಒಂದು ಚೂರು ಹೋಗಿತ್ತಂತೆ. ಮುದುಕನಿಗೂ ಹಲ್ಲಿಲ್ಲ, ಪಕ್ಕಡಕ್ಕೂ ಹಲ್ಲಿಲ್ಲ, ಅಡಕೆಯ ಚಟ ಇಬ್ಬರಿಗೂ ಬಿಟ್ಟಿಲ್ಲ ಎಂದು ಓಣಿಯವರು ನಗುತ್ತಿದ್ದರು.

ಗುಲ್ಶನ ಕೆಳಗಿಳಿದಳು. ಇಪ್ಪತ್ತೇಳರ ಹುಡುಗಿ, ಕಿವಿಯ ಹಿಂದೆ ಟೆಸ್ಟರ್. ಅವಳು ಗಾಡಿಯನ್ನು ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಬೋರ್ಡನ್ನು ನೋಡಿದಳು.

ಬೋರ್ಡು ಬೆಳ್ಳಗಿತ್ತು. ಪೇಂಟರ್ ಮಕ್ಬುಲಸಾಬ ಬೆಳಿಗ್ಗೆ ಎಂಟಕ್ಕೇ ಬಂದು 'ರಾಜಾಸಾಬ ಆಟೊ ಇಲೆಕ್ಟ್ರಿಕ್' ಎಂಬುದರಿಂದ ಮೊದಲ ಹೆಸರನ್ನು ಅಳಿಸಿ ಬಿಳಿ ಬಳಿದಿದ್ದ. ಆ ಜಾಗದಲ್ಲಿ 'ಗುಲ್ಶನ' ಎಂದು ಬರೆಯಬೇಕಾಗಿತ್ತು. ಒಂಬತ್ತು ವರ್ಷದಿಂದ ಅವಳು ಇಲ್ಲಿ ಕೆಲಸ ಮಾಡುತ್ತಿದ್ದಳು. ಒಂಬತ್ತು ವರ್ಷದಿಂದ ಗಿರಾಕಿಗಳು ಅವಳ ಕೈಯಲ್ಲಿದ್ದ ಟೆಸ್ಟರನ್ನು ದಾಟಿ ಒಳಗೆ ಇಣುಕಿ, ಮಿಸ್ತ್ರಿ ಎಲ್ಲಿ ಎಂದು ಕೇಳುತ್ತಿದ್ದರು. ಅಯ್ಯಪ್ಪನ ಮಂಟಪ ಹೇಮಗುಡ್ಡದ ಇಳಿಜಾರು ಇಳಿದು ಸುಖವಾಗಿ ಮರಳಿದ ದಿನ ಬೋರ್ಡು ನಿನ್ನದು ಎಂದು ತಂದೆ ಹೇಳಿದ್ದರು. ಆ ದಿನ ಇವತ್ತು.

ಅಯ್ಯಪ್ಪನೂ ತನ್ನ ಮಾತು ಹೇಳಿಬಿಟ್ಟ. ನಾಳೆ ತಾವರಗೇರಾದಲ್ಲಿ ಮಂಟಪದ ಮೊದಲ ಮದುವೆ. ಸಂಜೆಯೊಳಗೆ ಟ್ರೇಲರ್ ಸರಿಯಾಗಿ ಇಳಿಜಾರು ಇಳಿಯದಿದ್ದರೆ ಇದನ್ನೂ, ಕುಷ್ಟಗಿಯಲ್ಲಿ ತಯಾರಾಗುತ್ತಿರುವ ಇನ್ನೂ ಮೂರು ಟ್ರೇಲರುಗಳನ್ನೂ ಹುಬ್ಬಳ್ಳಿಯವರಿಗೆ ಒಪ್ಪಿಸುತ್ತೇನೆ ಎಂದ. ಒಳ್ಳೆಯ ಮನುಷ್ಯನಾದ್ದರಿಂದ ಇದನ್ನು ಹೇಳುವಾಗ ಅವನು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

ಮಕ್ಬುಲಸಾಬ ಕುಂಚವನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿಟ್ಟು ಬೀಡಿ ಹಚ್ಚಿದ.

"ಎಲ್ಲಿ ತಪ್ಪೇತಿ ಅಂತ ನಿನಗ ಅನಸ್ತೈತಿ?" ಎಂದು ಲಲಿತಾ ಕೇಳಿದರು.

ಅಷ್ಟರಲ್ಲಿ ಗಾಡಿಯ ಕಡೆಯದನ್ನೆಲ್ಲ ಪರೀಕ್ಷಿಸಿ ಬಂದಿದ್ದ ಗುಲ್ಶನ ಪ್ಲಗ್ಗನ್ನು ಕೈಯಲ್ಲಿ ಹಿಡಿದು ತೋರಿಸಿದಳು. ಎಸ್‌ಯುವಿಯಿಂದ ಟ್ರೇಲರಿಗೆ ಏಳು ವೈರು ಹೋಗುತ್ತವೆ. ಬಿಳಿಯದು ಅರ್ಥ್, ಹಳದಿ ಎಡಗಡೆಯ ಇಂಡಿಕೇಟರ್, ಹಸಿರು ಬಲಗಡೆಯದು, ಇನ್ನು ಮೂರು ಹಿಂದಿನ ದೀಪಗಳಿಗೆ. ಏಳನೆಯದು ನೀಲಿ. ಡ್ಯಾಶ್‌ಬೋರ್ಡಿನ ಕೆಳಗೆ ಅವಳು ಕೂರಿಸಿದ್ದ ಬ್ರೇಕ್ ಕಂಟ್ರೋಲರ್ ಎಂಬ ಪುಟ್ಟ ಡಬ್ಬಿಯಿಂದ ಹೊರಟು, ಟ್ರೇಲರಿನ ಗಾಲಿಗಳೊಳಗಿನ ಆಯಸ್ಕಾಂತಕ್ಕೆ ಹೋಗುವುದು ಅದು. ಕಾಲು ಎಷ್ಟು ಒತ್ತಿದರೆ ಅಷ್ಟು ಕರೆಂಟು, ಅಷ್ಟೇ ಬ್ರೇಕು.

"ನೀಲಿ, ಹಸರು ಅದಲಿ ಬದಲಿ ಆಗ್ಯಾವ್ರಿ. ಗಾಡಿ ಕಡೆ ನೋಡಿದೆ, ಬರೋಬ್ಬರಿ ಐತಿ. ಪ್ಲಗ್ ಬರೋಬ್ಬರಿ ಐತಿ. ಅದರಿಂದ ಆಚೆ ನಾ ಜೋಡೇ ಹಾಕಿಲ್ಲ, ಅಖಂಡ ಕೇಬಲ್. ಅದಲಿ ಬದಲಿ ಆಗಾಕ ಜಾಗಾನ ಇಲ್ರಿ."

"ಜಾಗಾ ಮಾಡಿರ್ತಾರ, ತಗೀ," ಎಂದರು ಲಲಿತಾ.

ಟ್ರೇಲರಿನ ಮೂತಿಯ ಬಳಿ ಕೇಬಲ್ಲಿಗೆ ಕಪ್ಪು ಪ್ಲಾಸ್ಟಿಕ್ಕಿನ ತೋಳು ಹಾಕಿತ್ತು. ಗುಲ್ಶನ ಅದನ್ನು ಸರಿಸಿದಳು. ಸರಿಸಿ, ಹಾಗೆಯೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು.

ಏಳು ವೈರುಗಳೂ ಕತ್ತರಿಸಲ್ಪಟ್ಟಿದ್ದವು. ಏಳನ್ನೂ ಯಾರೋ ಮತ್ತೆ ಜೋಡಿಸಿದ್ದರು.

ಜೋಡಿಸಿದ ರೀತಿಯನ್ನು ನೋಡಿ ರಾಜಾಸಾಬ ಕೂಡ ಎದ್ದು ಬಂದರು. ಕರೆಂಟಿನ ಕೆಲಸದವರು ಏಳು ಜೋಡುಗಳನ್ನು ಒಂದೇ ಕಡೆ ಹಾಕುವುದಿಲ್ಲ. ಹಿಂದೆ ಮುಂದೆ ಮಾಡುತ್ತಾರೆ, ಇಲ್ಲದಿದ್ದರೆ ಕೇಬಲ್ಲಿಗೆ ಹೊಟ್ಟೆ ಬರುತ್ತದೆ. ಇಲ್ಲಿ ಏಳೂ ಸಾಲಾಗಿ, ಒಂದರ ಪಕ್ಕ ಒಂದು, ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತಂತೆ ಇದ್ದವು. ಬೆಸುಗೆ ಇಲ್ಲ, ಟೇಪಿಲ್ಲ. ಹಾಲಿನ ಪಾಕೀಟನ್ನು ಕಿರುಬೆರಳಿನಗಲ ಹರಿದು ಪ್ರತಿ ಜೋಡಿಗೂ ನೀಟಾಗಿ ಸುತ್ತಿತ್ತು. ನೀಲಿಯ ತುದಿಗೆ ಹಸಿರು, ಹಸಿರಿನ ತುದಿಗೆ ನೀಲಿ.

"ಕೆಟ್ಟ ಕೆಲಸ ಅಲ್ಲ," ಎಂದು ಗುಲ್ಶನ ಮನಸ್ಸಿಲ್ಲದೆ ಒಪ್ಪಿಕೊಂಡಳು. "ಭಾಳ ಛಲೋ ಕೈ. ಆದ್ರ ನಮ್ಮ ಕಸಬಿನ ಕೈ ಅಲ್ಲ."

ಅಯ್ಯಪ್ಪನಿಗೆ ಅಪರಾಧಿ ಆಗಲೇ ಸಿಕ್ಕಿದ್ದ. ಗಂಗಾವತಿಯಲ್ಲಿ ಅವನಿಗೆ ಎದುರಾಗಿ ಶಾಮಿಯಾನ ಹಾಕುವ ಕನಕರಾಜನಿಗೆ ಫೋನ್ ಮಾಡಿ, ಒಂದೇ ಉಸಿರಿಗೆ ಅವನ ವಂಶದ ಮೂರು ತಲೆಮಾರನ್ನು ವಿಚಾರಿಸಿದ. ಕನಕರಾಜ ಶಾಂತನಾಗಿ, ತಾನು ನಿನ್ನೆಯಿಂದ ಕುಷ್ಟಗಿಯ ಮದುವೆಯೊಂದರಲ್ಲಿ ಸಾರು ಬಡಿಸುತ್ತಿರುವ ನಾಲ್ಕು ಫೋಟೋ ಕಳಿಸಿದ. ಜೊತೆಗೆ, ಇಂಥ ಟ್ರೇಲರ್ ತನಗೂ ಒಂದು ಬೇಕು, ವೈರಿಂಗ್ ಯಾರದು ಎಂದು ಕೇಳಿದ.

ಉಳಿದವನು ವಿರುಪಾಕ್ಷಿ. ಕುಷ್ಟಗಿಯ ವೆಲ್ಡರ್, ಟ್ರೇಲರಿನ ಕಬ್ಬಿಣವೆಲ್ಲ ಅವನದೇ. ಕಬ್ಬಿಣ ನಂಬುವ, ವೈರು ನಂಬದ ಮನುಷ್ಯ. ಕರೆಂಟಿನ ಬ್ರೇಕ್ ನಂಬಿ ಮದುವೆ ಮಾಡುತ್ತೀರಾ ಎಂದು ಹೋದ ವಾರ ಇದೇ ಗ್ಯಾರೇಜಿನ ಮುಂದೆ ನಿಂತು ಗುಲ್ಶನಳೊಂದಿಗೆ ಒಂದು ತಾಸು ವಾದಿಸಿದ್ದ. ನಿನ್ನೆ ರಾತ್ರಿ ಅವನು ಮಲಗಿದ್ದು ಎರಡು ಓಣಿ ಆಚೆ, ಮಾವನ ಮನೆಯಲ್ಲಿ. ಟ್ರೇಲರ್ ಗ್ಯಾರೇಜಿನೊಳಗೆ ಹಿಡಿಸದೆ ಹೊರಗೇ ನಿಂತಿತ್ತು. ಈಗ ಅವನು ಸಿಂಹಾಸನವೊಂದರ ಕಾಲಿಗೆ ಒರಗಿ, ಎಲ್ಲರೂ ತನ್ನ ಕಡೆ ನೋಡುತ್ತಿರುವುದನ್ನು ನೋಡುತ್ತಿದ್ದ.

"ನನ್ನ ಯಾಕ ನೋಡ್ತೀರಿ?" ಎಂದ. "ನಾ ಕಡದಿದ್ರ ಮತ್ತ ಜೋಡಸಾಕ ಕುಂದರತಿದ್ದಿಲ್ಲ. ಕಡದು ಮಾವನ ಮನ್ಯಾಗ ಹೋಳಗಿ ಉಣತಿದ್ದೆ."

ಮಾತಿನಲ್ಲಿ ತರ್ಕವಿತ್ತು. ಲಲಿತಾ ತಮ್ಮ ಕೈಚೀಲದಿಂದ ಭೂತಗನ್ನಡಿ ತೆಗೆದರು. ಒಂದು ಕಾಲದಲ್ಲಿ ಮಸುಕಾದ ಟಪಾಲು ಮುದ್ರೆಗಳನ್ನು ಓದುತ್ತಿದ್ದ ಗಾಜು ಅದು. ಹಾಲಿನ ಪಾಕೀಟಿನ ಸುತ್ತು ಬಿಚ್ಚಿ ನೋಡಿದರು. ತಾಮ್ರದ ಎಳೆಗಳನ್ನು ಬೆರಳುಗಳ ನಡುವೆ ಹೊಸೆದು ಒಂದೇ ದಿಕ್ಕಿಗೆ ಮಲಗಿಸಿತ್ತು. ಹೊಸೆದ ಜಾಗದಲ್ಲಿ ಬೂದುಬಣ್ಣದ ಪುಡಿ.

"ಬೀಡಿ ಬೂದಿ," ಎಂದ ಅಯ್ಯಪ್ಪ, ಮಕ್ಬುಲಸಾಬನ ಕಡೆ ತಿರುಗಿ. ಮಕ್ಬುಲಸಾಬ ಬೀಡಿ ಬಾಯಿಂದ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡ.

ಲಲಿತಾ ಪುಡಿಯನ್ನು ಹೆಬ್ಬೆರಳಿಂದ ತಿಕ್ಕಿದರು. ಬೀಡಿಯದಲ್ಲ. ಸಗಣಿ ಕುಳ್ಳಿನ ಬೂದಿ, ಅದೂ ಬಟ್ಟೆಯಲ್ಲಿ ಜರಡಿ ಹಿಡಿದದ್ದು. ಅವರಿಗೆ ಟಪಾಲು ಕಚೇರಿ ನೆನಪಾಯಿತು. ಸೀರೆಯ ಪಾರ್ಸಲ್ಲುಗಳು ಬರುತ್ತಿದ್ದವು. ನೇಕಾರರು ಒಂದು ಎಳೆಯನ್ನೂ ಎಸೆಯದವರಾದ್ದರಿಂದ ತುಂಡು ನೂಲುಗಳನ್ನೇ ಜೋಡಿಸಿ ಪಾರ್ಸಲ್ಲು ಕಟ್ಟುತ್ತಿದ್ದರು. ಗಂಟೇ ಕಾಣದ ಆ ಜೋಡುಗಳ ಮೇಲೆ ಪ್ರತಿಸಲವೂ ಇಷ್ಟೇ ಇಷ್ಟು ಬೂದಿಯ ಚುಕ್ಕೆ.

ಅವರು ತಲೆಯೆತ್ತಿ ಓಣಿಯನ್ನು ಕೇಳಿಸಿಕೊಂಡರು. ಏನೋ ಕಡಿಮೆಯಿತ್ತು.

"ಗುಲ್ಶನ, ಇವತ್ತ ಮಗ್ಗದ ಸಪ್ಪಳ ಯಾಕಿಲ್ಲ?"

ಗ್ಯಾರೇಜಿನ ಎದುರು ಮನೆಯ ಬಾಗಿಲು ಮುಚ್ಚಿತ್ತು. ಸಣ್ಣವ್ವನ ಮನೆ. ಎಪ್ಪತ್ತೆಂಟು ವರ್ಷದಲ್ಲಿ ಆ ಬಾಗಿಲು ಹಗಲು ಮುಚ್ಚಿದ್ದು ಎರಡೇ ಸಲ, ಎರಡೂ ಸಲ ಗ್ರಹಣಕ್ಕೆ.

*

ಸಣ್ಣವ್ವ ಮಗ್ಗದ ಮುಂದೆ ಕೆಲಸವಿಲ್ಲದೆ ಕುಳಿತಿದ್ದಳು. ಹೊರಗೆ ನಡೆದದ್ದೊಂದೂ ತನಗೆ ಗೊತ್ತಿಲ್ಲ ಎಂಬ ಮುಖ. ಆ ಮುಖವನ್ನು ಬಹಳ ಹೊತ್ತಿನಿಂದ ಹೊತ್ತುಕೊಂಡು ದಣಿದಿದ್ದಳು.

ಲಲಿತಾ ಗುಲ್ಶನಳನ್ನು ಬಾಗಿಲಲ್ಲೇ ನಿಲ್ಲಿಸಿ, ತಾವು ಚಾಪೆಯ ಮೇಲೆ ಕುಳಿತರು. ಮೊಮ್ಮಗಳು ರೇಣುಕಾಳ ಬಾಣಂತನ, ಮೊಣಕಾಲಿನ ನೋವು, ನೂಲಿನ ತೂಕ, ಎಲ್ಲ ವಿಚಾರಿಸಿದರು. ಆಮೇಲೆ ತಮ್ಮ ಸೆರಗಿನ ತುದಿ ತೋರಿಸಿ, ಇದಕ್ಕೆ ಹೊಲಿಗೆ ಹಾಕಲು ಒಂದು ಮೊಳ ನೀಲಿ ನೂಲು ಬೇಕಿತ್ತಲ್ಲ ಎಂದರು.

ಸಣ್ಣವ್ವ ಕೈಚಾಚಿ ಗೂಡಿನಿಂದ ಉಂಡೆಯೊಂದನ್ನು ತೆಗೆದು, ಹರಿದು ಕೊಟ್ಟಳು.

ಹಸಿರು.

ಬಾಗಿಲಲ್ಲಿದ್ದ ಗುಲ್ಶನ ಬಾಯಿ ತೆರೆದಳು. ಲಲಿತಾ ಕೈಯಲ್ಲೇ ತಡೆದರು.

"ಅಮ್ಮಾ, ಕಣ್ಣಿನ ಪೊರೆ ತಗಸಬೇಕಂತ ರೇಣುಕಾ ಹೇಳಿದ್ಲಲ್ಲ. ಏನಾತದು?"

"ಯಾವ ಪೊರಿ? ನನಗ ಎಲ್ಲಾ ಕಾಣತೈತಿ. ನೀ ಮುದುಕಿ ಆಗೀ, ಅದೂ ಕಾಣತೈತಿ."

"ನೀಲಿ ಕಾಣತೈತೇನು?"

ಸಣ್ಣವ್ವ ನೂಲಿನ ಕಡೆ ನೋಡಿದಳು. ಬಾಗಿಲ ಕಡೆ ನೋಡಿದಳು. ಗುಲ್ಶನ ಆ ನೂಲನ್ನೇ ದಿಟ್ಟಿಸುತ್ತಿದ್ದಳು. ಮುದುಕಿ ಸೋತುಬಿಟ್ಟಳು.

"ಗಾಡಿ ಕುಣಿಯೂದು ಕಿಟಕಿಯಾಗ ನೋಡಿದೆ," ಎಂದಳು ಮೆಲ್ಲಗೆ. "ಮೊದಲ ನಗಿ ಬಂತು. ಆಮ್ಯಾಲ ಅಂಜಿಕಿ ಬಂತು. ಬಾಗಲಾ ಹಾಕ್ಕೊಂಡೆ."

"ನೀನ ಕಡದ್ಯಾ ಅಮ್ಮಾ?" ಗುಲ್ಶನಳ ಧ್ವನಿಯಲ್ಲಿ ಸಿಟ್ಟಿಗಿಂತ ನೋವಿತ್ತು.

ಸಣ್ಣವ್ವ ನೆಟ್ಟಗೆ ಕುಳಿತಳು. "ಕಡಿಯೂ ಕೈ ಏನ ಇದು? ಎಪ್ಪತ್ತು ವರ್ಷ ಹರಿದ ಎಳಿ ಕೆಚ್ಚಿದ ಕೈ ಇದು."

ನಂತರ ನಡೆದದ್ದನ್ನು ಅವಳು ಹೇಳಿದಳು. ಬೆಳಕು ಹರಿಯುವ ಹೊತ್ತಿಗೆ ಅಂಗಳಕ್ಕೆ ನೀರು ಹಾಕಲು ಹೋದಾಗ, ಟ್ರೇಲರಿನ ಮೂತಿಯಲ್ಲಿ ವೈರುಗಳು ಹರಿದು ಜೋತಾಡುತ್ತಿದ್ದವಂತೆ. ನೇಯುವವರ ಮನೆಯಲ್ಲಿ ಹುಟ್ಟಿದವರು ಹರಿದ ಎಳೆ ಕಂಡರೆ ಹಾಗೆಯೇ ದಾಟಿ ಹೋಗುವುದಿಲ್ಲ. ಅದು ಯಾರ ಮಗ್ಗದ್ದೇ ಇರಲಿ, ಬೂದಿ ಮುಟ್ಟಿದ ಬೆರಳಿಂದ ತುದಿಗೆ ತುದಿ ಹೊಸೆದು ಕೆಚ್ಚಿಯೇ ಮುಂದಿನ ಕೆಲಸ. ಮಗ್ಗದಲ್ಲಿ ಮುಗಿದ ಹಾಸಿನ ತುದಿಗೆ ಹೊಸ ಹಾಸು ಜೋಡಿಸುವಾಗ ಸಾವಿರ ಎಳೆಗಳನ್ನು ಕೆಚ್ಚಿದವಳಿಗೆ ಏಳು ಯಾವ ಲೆಕ್ಕ? ಹುಡುಗಿಯ ಬೋರ್ಡು ಬರೆಸುವ ದಿನ, ಎದ್ದ ಕೂಡಲೇ ಇದನ್ನು ನೋಡಿ ಮನಸ್ಸು ಕೆಡಿಸಿಕೊಳ್ಳುವುದು ಬೇಡ ಎಂದು ಬೂದಿಯ ಚಿಪ್ಪು ತಂದು ಕುಳಿತಳು. ಹಾಲಿನವನು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಯಾರಿಗೂ ಹೇಳಲಿಲ್ಲ?"

"ಕೆಚ್ಚಿದ್ದನ್ನ ಹೇಳ್ಕೋತ ಅಡ್ಡಾಡ್ತಾರೇನ? ಕಾಣಬಾರ್ದು, ಅದ ಛಲೋ ಕೆಚ್ಚಿದ್ದು."

ಗುಲ್ಶನ ಒಳಗೆ ಬಂದು ಮುದುಕಿಯ ಪಕ್ಕದಲ್ಲಿ ಕುಳಿತಳು. ಅವಳ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದಳು. ಉಗುರಿನ ಸಂದಿಯಲ್ಲಿ ಬೂದಿ ಇನ್ನೂ ಇತ್ತು. ಒಂದು ಕ್ಷಣ ಅತ್ತುಬಿಡುತ್ತಾಳೇನೋ ಎನಿಸಿತು. ಬದಲಿಗೆ ನಗು ಬಂತು. ಅವಳು ನಕ್ಕದ್ದು ನೋಡಿ ಸಣ್ಣವ್ವನೂ ನಕ್ಕಳು. ಮಂಟಪ ಕುಣಿದದ್ದನ್ನು ಇಬ್ಬರೂ ಕೈಯಲ್ಲಿ ಮಾಡಿ ತೋರಿಸಿಕೊಂಡು ನಕ್ಕರು.

ಲಲಿತಾ ಅವರ ನಗು ಮುಗಿಯುವವರೆಗೆ ಕಾದರು.

"ಅಮ್ಮಾ, ಏಳೂ ಎಳಿ ಸಾಲಾಗಿ ಅದಾವ. ಕಡದಾಗೂ ಹಂಗ ಇದ್ದವೇನು?"

ಇಲ್ಲ ಎಂದಳು ಸಣ್ಣವ್ವ. ಒಂದು ಉದ್ದ, ಒಂದು ಗಿಡ್ಡ, ಮೆಟ್ಟಿಲಿನ ಹಾಗೆ ಇದ್ದವು. ತಾನೇ ಕತ್ತರಿಯಿಂದ ಸವರಿ ಸಮ ಮಾಡಿದ್ದು.

"ಸವರಿದ ತುಂಡು ಎಲ್ಲಿ ಒಗದಿ?"

ಒಗೆಯುವುದು ಎಂಬ ಮಾತೇ ಆ ಮನೆಯಲ್ಲಿರಲಿಲ್ಲ. ಸಣ್ಣವ್ವ ಕುಂಕುಮದ ಹಳೆಯ ಡಬ್ಬಿಯೊಂದನ್ನು ತೆರೆದು ಸುರಿದಳು. ಗುಂಡಿ, ಮಣಿ, ಮುರಿದ ಸೂಜಿಗಳ ನಡುವೆ ಬೆರಳುದ್ದದ ಬಣ್ಣಬಣ್ಣದ ವೈರಿನ ತುಂಡುಗಳು.

ಲಲಿತಾ ಅವನ್ನು ಬಿಳಿ ಕಾಗದದ ಮೇಲೆ ಹರವಿ ಗಾಜು ಹಿಡಿದರು. ಪ್ರತಿ ತುಂಡಿನ ಒಂದು ತುದಿ ಸಪಾಟು. ಅದು ಸಣ್ಣವ್ವನ ಕತ್ತರಿ. ಇನ್ನೊಂದು ತುದಿಯಲ್ಲಿ, ಎಲ್ಲದರಲ್ಲೂ, ತಾಮ್ರದ ಒಂದೇ ಒಂದು ಎಳೆ ಕತ್ತರಿಸದೆ ಎಳೆದು ಹರಿದಂತೆ ಮೀಸೆಯಾಗಿ ನಿಂತಿತ್ತು.

ಅವರು ಕಾಗದವನ್ನು ಔಷಧದ ಪೊಟ್ಟಣದಂತೆ ಮಡಿಸಿ ಕೈಚೀಲದಲ್ಲಿಟ್ಟರು. ಮೆಟ್ಟಿಲಿನ ಹಾಗೆ ಎಂದರೆ ಒಂದೊಂದಾಗಿ ಕತ್ತರಿಸಿದ್ದು. ಯಾರಾದರೂ ಸಿಟ್ಟಿನಲ್ಲಿ ಕತ್ತರಿಸಿದರೆ ಏಳನ್ನೂ ಒಟ್ಟಿಗೆ ಹಿಡಿದು ಕತ್ತರಿಸುತ್ತಾರೆ. ಒಂದೊಂದಾಗಿ ಕತ್ತರಿಸುವುದು, ಒಟ್ಟಿಗೆ ಕತ್ತರಿಸಿದರೆ ಕಿಡಿ ಹಾರುತ್ತದೆಂದು ಬಲ್ಲವರು.

ಇದನ್ನು ಅವರು ಗುಲ್ಶನಳಿಗೆ ಹೇಳಲಿಲ್ಲ. ಅವಳ ಮುಂದೆ ಆಗ ಒಂದು ಇಳಿಜಾರಿತ್ತು.

*

ಹೊಸ ಕೇಬಲ್ಲು ಎಳೆಯಲು ಎರಡು ತಾಸು ಹಿಡಿಯಿತು. ಸಣ್ಣವ್ವ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆ ಮಾಡಿದಳು. ಪ್ಲಗ್ಗಿನ ತುದಿಗೆ ಬೆಸುಗೆ ಹಾಕುವ ಕಾದ ಕಡ್ಡಿಯನ್ನು ಕಂಡು, ನಮ್ಮ ಎಳೆಗೆ ಬೂದಿ, ನಿಮ್ಮದಕ್ಕೆ ಬೆಂಕಿ, ನಾನು ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟೆ ಎಂದಳು. ವಿರುಪಾಕ್ಷಿ ತನ್ನ ಎರಡು ಕಟ್ಟರುಗಳನ್ನು ತಾನಾಗಿಯೇ ತಂದು ಲಲಿತಾರ ಮುಂದಿಟ್ಟ. ಎರಡರಿಂದಲೂ ಒಂದೊಂದು ವೈರು ಕತ್ತರಿಸಿ ನೋಡಿದರು. ಬೆಣ್ಣೆ ಕತ್ತರಿಸಿದಂತೆ ನುಣುಪಾದ ತುದಿ, ಮೀಸೆಯಿಲ್ಲ. ಗುಲ್ಶನಳ ಹೊಸ ಕಟ್ಟರಿನದೂ ಹಾಗೆಯೇ.

ಮೂರು ಗಂಟೆಗೆ ಹೇಮಗುಡ್ಡ.

ದುರ್ಗೆಗೆ ಕಾಯಿ ಒಡೆಸಿಕೊಂಡು ಬಂದು ಅಯ್ಯಪ್ಪ ಮುಂದಿನ ಸೀಟಿನಲ್ಲಿ ಕುಳಿತ. ಹಿಂದೆ ಲಲಿತಾ, ಪಕ್ಕದಲ್ಲಿ ವಿರುಪಾಕ್ಷಿ. ಟ್ರೇಲರಿನ ತೂಕ ಬೆನ್ನಿಗೆ ಬೀಳುವಂಥ ಇಳಿಜಾರು. ಗುಲ್ಶನ ಒಂದು ಸಲ ಉಸಿರೆಳೆದುಕೊಂಡು ಗಾಡಿ ಬಿಟ್ಟಳು.

ಅರ್ಧ ದಾರಿಯಲ್ಲಿ ಬ್ರೇಕ್ ಒತ್ತಿದಳು. ಸೊಂಟದ ಮೇಲೆ ಕೂತ ಮಗುವನ್ನು ಯಾರೋ ಹಿಂದಿನಿಂದ ಮೆಲ್ಲಗೆ ಎತ್ತಿಕೊಂಡ ಹಾಗೆ, ಬೆನ್ನ ಮೇಲಿನ ಭಾರ ಹಗುರಾಯಿತು. ಗಾಡಿಯೂ ಟ್ರೇಲರೂ ಒಟ್ಟಿಗೆ ನಿಂತವು. ಆಮೇಲೆ ಕಂಟ್ರೋಲರಿನ ಪುಟ್ಟ ಹಿಡಿಕೆಯನ್ನು ಬೆರಳಿಂದ ಸರಿಸಿ, ಕಾಲು ಮುಟ್ಟಿಸದೆ, ಬರೀ ಟ್ರೇಲರಿನ ಬ್ರೇಕಿನಿಂದಲೇ ಎರಡನ್ನೂ ಹಿಡಿದು ನಿಲ್ಲಿಸಿದಳು. ಬಲಕ್ಕೆ ಇಂಡಿಕೇಟರ್ ಹಾಕಿದಳು. ಬಲಗಡೆಯ ದೀಪ ಮಿನುಗಿತು, ಸಿಂಹಾಸನಗಳು ಗಂಭೀರವಾಗಿ ಕುಳಿತೇ ಇದ್ದವು.

ಅಯ್ಯಪ್ಪ ಕಣ್ಣು ಬಿಟ್ಟ. ಇಳಿಜಾರು ಮುಗಿದಿತ್ತು.

"ಇನ್ನೊಮ್ಮಿ ಇಳಿಸ್ತೀಯೇನವ್ವಾ?" ಎಂದು ಕೇಳಿದ. "ಈ ಸಲ ನೋಡ್ತೀನಿ."

ಮೂರು ಸಲ ಇಳಿದರು. ಮೂರನೆಯ ಸಲ ವಿರುಪಾಕ್ಷಿ ಟ್ರೇಲರಿನ ಪಕ್ಕ ಓಡುತ್ತಾ ಗಾಲಿಗೆ ಕಿವಿಕೊಟ್ಟು ಬಂದ. ಬಂದವನು ಗುಲ್ಶನಳ ಮುಂದೆ ನಿಂತು, ಕುಷ್ಟಗಿಯಲ್ಲಿರುವ ಉಳಿದ ಮೂರಕ್ಕೂ ವೈರು ಹೋಗಲು ಪೈಪಿನಲ್ಲಿ ಎಲ್ಲಿ ರಂಧ್ರ ಕೊರೆಯಬೇಕು ಎಂದು ಕೇಳಿದ. ಅವನ ಮಟ್ಟಿಗೆ ಅದು ಸಾಷ್ಟಾಂಗ ನಮಸ್ಕಾರ.

*

ಭಾಗ್ಯನಗರಕ್ಕೆ ಮರಳಿದಾಗ ಬಿಸಿಲು ಇಳಿದಿತ್ತು. ಎದುರು ಮನೆಯಲ್ಲಿ ಮಗ್ಗ ಸದ್ದು ಮಾಡುತ್ತಿತ್ತು. ಸುದ್ದಿ ಫೋನಿನಲ್ಲಿ ಮುಂಚೆಯೇ ಬಂದಿದ್ದರಿಂದ ಮಕ್ಬುಲಸಾಬ ಕಾಯದೆ ಬರೆದುಬಿಟ್ಟಿದ್ದ. ಕೆಂಪು ಅಕ್ಷರ, ಹಳದಿ ನೆರಳು. ಗುಲ್ಶನ ಆಟೊ ಇಲೆಕ್ಟ್ರಿಕ್.

ಗುಲ್ಶನ ಅದರ ಮುಂದೆ ನಿಂತಳು. ಬೆಳಿಗ್ಗೆಯಿಂದ ಏಳು ವೈರುಗಳ ಬಗ್ಗೆ ನಿಲ್ಲದೆ ಮಾತಾಡಿದವಳು ಈಗ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಆಗಲೇ ಟ್ರ್ಯಾಕ್ಟರಿನವನೊಬ್ಬ ಬಂದು ದೀಪ ಹೊತ್ತುತ್ತಿಲ್ಲ ಎಂದ. ಅವನು ಒಳಗೆ ಇಣುಕಲಿಲ್ಲ. ಬೋರ್ಡು ಓದಿ, ಅವಳ ಕಿವಿಯ ಹಿಂದಿನ ಟೆಸ್ಟರ್ ನೋಡಿ, "ಮಿಸ್ತ್ರೀ, ಸ್ವಲ್ಪ ನೋಡ್ರಿ," ಎಂದ.

ರಾಜಾಸಾಬ ಜೋರಾಗಿ ನಕ್ಕರು. ಬೋರ್ಡನ್ನು ನಾನೇ ಕಟ್ಟುತ್ತೇನೆ, ಬೇರೆ ಯಾರೂ ಮುಟ್ಟಬೇಡಿ ಎಂದು ಸ್ಟೂಲಿನ ಮೇಲೆ ಹತ್ತಿದರು. ಮಕ್ಬುಲಸಾಬ ಹಸಿ ಬಣ್ಣ ತಾಗದಂತೆ ಅಂಚು ಹಿಡಿದು ಬೋರ್ಡನ್ನು ಎತ್ತಿಕೊಟ್ಟ. ರಾಜಾಸಾಬ ಮೊಳೆಗೆ ತಂತಿ ಸುತ್ತಿ ಬಿಗಿದರು, ಜೇಬಿನಿಂದ ಪಕ್ಕಡ ತೆಗೆದು ಉಳಿದ ತುದಿಯನ್ನು ಕಟ್ ಎಂದು ಕತ್ತರಿಸಿದರು.

ತಂತಿಯ ತುಂಡು ಲಲಿತಾರ ಕಾಲ ಬಳಿ ಬಿತ್ತು.

ಅವರು ಅಭ್ಯಾಸದಿಂದ ಎತ್ತಿಕೊಂಡರು. ಅಭ್ಯಾಸದಿಂದಲೇ ಗಾಜು ಹಿಡಿದರು. ತುದಿಯಲ್ಲಿ, ಕತ್ತರಿಸದೆ ಎಳೆದು ಹರಿದಂತೆ, ಒಂದು ಪುಟ್ಟ ಮೀಸೆ.

ತಲೆಯೆತ್ತಿದಾಗ ರಾಜಾಸಾಬ ಸ್ಟೂಲಿನ ಮೇಲಿಂದ ಅವರನ್ನೇ ನೋಡುತ್ತಿದ್ದರು. ಮುಖದ ಮೇಲೆ ನಗು ಇನ್ನೂ ಇತ್ತು. ಕೆಳಗಿಳಿಯಲು ಮರೆತ ಹಾಗೆ.

ಅವರು ಒಂದೊಂದೇ ಕಾಲಿಟ್ಟು ಇಳಿದು, ಅಡಕೆಯ ಚೂರೊಂದನ್ನು ಲಲಿತಾರ ಅಂಗೈಯಲ್ಲಿಟ್ಟರು. ತಂತಿಯ ತುಂಡಿನ ಪಕ್ಕದಲ್ಲೇ.

"ಅಕ್ಕೋರ, ಬಣ್ಣ ಹಸೀ ಐತ್ರಿ," ಎಂದರು ಮೆಲುದನಿಯಲ್ಲಿ. "ಒಣಗೂ ಮಟ ಆಕೀಗೆ ಹೇಳಬ್ಯಾಡ್ರಿ."

"ಒಣಗಿದ ಮ್ಯಾಲ?"

ಓಣಿಯ ನಡುವೆ ಟ್ರೇಲರಿನ ಮೇಲೆ, ವಧೂವರರ ಎರಡು ಕೆಂಪು ಸಿಂಹಾಸನಗಳಲ್ಲಿ ಅಯ್ಯಪ್ಪನೂ ವಿರುಪಾಕ್ಷಿಯೂ ಅಕ್ಕಪಕ್ಕ ಕುಳಿತು ಚಹಾ ಕುಡಿಯುತ್ತಿದ್ದರು. ರಾಜಾಸಾಬರ ಕಣ್ಣು ವಿರುಪಾಕ್ಷಿಯ ಮೇಲೆ ಹೋಗಿ, ಕೂಡಲೇ ಮರಳಿತು.

"ಒಣಗಿದ ಮ್ಯಾಲ ನಾನ ಹೇಳ್ತೀನ್ರಿ," ಎಂದರು. "ಕರೆಂಟಿನ ಬ್ರೇಕ್ ನಂಬಿ ಮಗಳನ್ನ ಗುಡ್ಡ ಇಳಿಸಬ್ಯಾಡ್ರಿ ಅಂತ ಯಾರು ಬಂದು ಕೇಳಿಕೊಂಡದ್ದಕ್ಕ ಕಡದೆ ಅಂತ."